ಹುಟ್ಟಿದ ನೆಲದ ಹಕ್ಕು

ಅಮೆರಿಕದ ಸರ್ಕಾರದ ಪಾಠ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅಧ್ಯಕ್ಷ, ಕಾಂಗ್ರೆಸ್, ಸುಪ್ರೀಂ ಕೋರ್ಟ್ ಎಂಬ ಮೂರು ಅಂಗಗಳಿಂದ ಶುರುವಾಗುತ್ತದೆ. ಒಂದು ಇನ್ನೊಂದಕ್ಕೆ ಹೇಗೆ ಮೂಗುದಾರ ಹಾಕುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಅವರ ಸಂವಿಧಾನವೂ ನಮ್ಮ ಸಂವಿಧಾನವೂ ಜನರ ಹೆಸರಿನಲ್ಲೇ ಆರಂಭವಾಗುತ್ತವೆ. ಆ ಜನರ ಲೆಕ್ಕಕ್ಕೆ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ?

1787ರಲ್ಲಿ ಅಮೆರಿಕನ್ನರು ಕೊಟ್ಟುಕೊಂಡ ಉತ್ತರ ಕ್ರೂರವಾಗಿತ್ತು. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿದರು. ಮತವನ್ನು ಮಾತ್ರ ಒಬ್ಬರಿಗೂ ಕೊಡಲಿಲ್ಲ. ಕರಿಯರು ಆ ದೇಶದ ಪ್ರಜೆಗಳಾಗಲಾರರೆಂದು 1857ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಅಂತರ್ಯುದ್ಧದಲ್ಲಿ ಲಕ್ಷಾಂತರ ಜನ ಸತ್ತ ಮೇಲೆ, 1868ರ ಹದಿನಾಲ್ಕನೇ ತಿದ್ದುಪಡಿ ಅದನ್ನು ಅಳಿಸಿತು. ಅಲ್ಲಿ ಹುಟ್ಟಿ ಅಲ್ಲಿನ ಕಾನೂನಿಗೆ ಒಳಪಟ್ಟವರು ಅಲ್ಲಿನ ಪ್ರಜೆಗಳೇ ಎಂದಾಯಿತು.

ಈ ತತ್ವದ ಬೆಲೆ ತಿಳಿಯಬೇಕಾದರೆ ಹಳಿಯಾಳ, ಜೋಯಿಡಾ, ಮುಂಡಗೋಡದ ಸಿದ್ದಿಗಳನ್ನು ನೋಡಬೇಕು. ಅವರ ಪೂರ್ವಿಕರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರನ್ನಾಗಿ ತಂದಿದ್ದರು. 1950ರಲ್ಲಿ ಗಣರಾಜ್ಯ ಬಂದಾಗ ಅವರ ನಿಷ್ಠೆಯನ್ನು ಯಾರೂ ಪರೀಕ್ಷಿಸಲಿಲ್ಲ, ಮೂಲ ಕೇಳಲಿಲ್ಲ. ಇಲ್ಲಿ ಹುಟ್ಟಿ ಇಲ್ಲಿ ನೆಲೆಸಿದ್ದೇ ಸಾಕಾಯಿತು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು ಉತ್ತರ ಕನ್ನಡದ ಸಿದ್ದಿಗಳು 2003ರವರೆಗೆ ಕಾಯಬೇಕಾಯಿತು. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ, ಅದೂ ನಾಮನಿರ್ದೇಶನದಿಂದ. ದಾರಿ ಉದ್ದವಾಯಿತು, ಒಪ್ಪುತ್ತೇನೆ. ಆದರೆ ಹಕ್ಕು ಕೇಳುವುದಕ್ಕೆ ನಿಲ್ಲಲು ಅವರಿಗೊಂದು ನೆಲೆ ಇತ್ತು.

ಅದೇ ಮುಂಡಗೋಡದ ಟಿಬೆಟನ್ ಕ್ಯಾಂಪುಗಳಲ್ಲಿ ಮಾತು ಬೇರೆ. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಇಲ್ಲಿ ನೆಲೆ ಸಿಕ್ಕ ನಿರಾಶ್ರಿತರು ಕಾಡು ಕಡಿದು ಹೊಲ ಮಾಡಿದರು, ದ್ರೆಪುಂಗ್ ಮತ್ತು ಗಂದೆನ್ ಮಠಗಳನ್ನು ಮತ್ತೆ ಕಟ್ಟಿದರು. ಅಲ್ಲಿ ಹುಟ್ಟಿದ ಮಕ್ಕಳಿಗೆ ಬೇರೆ ಊರೇ ಇಲ್ಲ. ಅವರ ವಿಷಯದಲ್ಲಿ ನಮ್ಮ ಪೌರತ್ವ ಕಾಯ್ದೆ ಮಾಡಿದ್ದೇನು? ಟಿಬೆಟ್‌ನಿಂದ ಬಂದ ದಂಪತಿಗೆ 1987ರ ಜೂನ್ 30ರಂದು ಹುಟ್ಟಿದ ಮಗು ಭಾರತೀಯ. ಮರುದಿನ, ಅದೇ ಕ್ಯಾಂಪಿನಲ್ಲಿ, ಅಂಥದೇ ದಂಪತಿಗೆ ಹುಟ್ಟಿದ ಮಗು ವಿದೇಶಿ. ಎರಡನೆಯವರು ಬೆಳೆದು ದೊಡ್ಡವರಾಗಿ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುತ್ತ ಚೊಕ್ಕವಾಗಿ ಕನ್ನಡ ಮಾತಾಡಿದರೂ, ವಿದೇಶಿಯರ ನೋಂದಣಿ ಪುಸ್ತಕ ಹಿಡಿದು ನವೀಕರಣಕ್ಕೆ ಓಡಾಡಲೇಬೇಕು. ಈ ಗೆರೆ ಎಳೆದ 1986ರ ತಿದ್ದುಪಡಿಯನ್ನು ತಂದದ್ದು ಬೇರೆ ಗಡಿಗಳ ವಲಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಪೆಟ್ಟು ಬಿದ್ದದ್ದು ಇಲ್ಲಿಗೂ.

ಆ ದಿನಾಂಕಕ್ಕೆ ಮೊದಲು ಹುಟ್ಟಿದವರ ಹಕ್ಕೂ ಸುಲಭವಾಗಿ ಕೈಗೆ ಬರಲಿಲ್ಲ. ದ್ರೆಪುಂಗ್ ಮಠದ ಲಿಂಗ್ ರಿಂಪೋಚೆಯವರು ಕರ್ನಾಟಕ ಹೈಕೋರ್ಟಿಗೆ ಹೋಗಿ 2013ರಲ್ಲಿ ತಾವು ಹುಟ್ಟಿನಿಂದಲೇ ಭಾರತೀಯರೆಂದು ತೀರ್ಪು ಪಡೆದರು. ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಚುನಾವಣಾ ಆಯೋಗ 2014ರಲ್ಲಿ ಸೂಚಿಸಿತು.

ಇಲ್ಲಿ ಹೆಚ್ಚಿನವರಿಗೆ ಮತವಿಲ್ಲದ ಈ ಜನಕ್ಕೆ ಮತದಾನ ಹೊಸದೇನಲ್ಲ. ಸ್ವಯಂಪ್ರೇರಿತ ತೆರಿಗೆ ಕಟ್ಟಿದ ಹಸಿರು ಪುಸ್ತಕ ತೋರಿಸಿ, ಧರ್ಮಶಾಲೆಯಲ್ಲಿರುವ ತಮ್ಮ ದೇಶಭ್ರಷ್ಟ ಸರ್ಕಾರದ ಸಂಸತ್ತಿಗೂ ಆ ಸರ್ಕಾರದ ಮುಖ್ಯಸ್ಥರಿಗೂ ಅವರು ಮತ ಹಾಕುತ್ತಾರೆ. 2021ರಲ್ಲಿ ಮುಖ್ಯಸ್ಥರಾಗಿ ಗೆದ್ದ ಪೆನ್ಪಾ ಸೆರಿಂಗ್ ನಮ್ಮ ಬೈಲಕುಪ್ಪೆಯಲ್ಲೇ ಹುಟ್ಟಿದವರು. ಆ ಸಂಸತ್ತಿನಲ್ಲಿ, ಜನಸಂಖ್ಯೆ ಎಷ್ಟೇ ಇರಲಿ, ಟಿಬೆಟ್‌ನ ಮೂರು ಪ್ರಾಂತ್ಯಗಳಿಗೂ ಹತ್ತು ಹತ್ತು ಸ್ಥಾನ. ಅಮೆರಿಕದ ಸೆನೆಟ್‌ನಲ್ಲಿ ದೊಡ್ಡ ರಾಜ್ಯಕ್ಕೂ ಸಣ್ಣ ರಾಜ್ಯಕ್ಕೂ ಇಬ್ಬಿಬ್ಬರೇ ಇರುವ ಹಾಗೆ. ಸಂಸದರ ಆಯ್ಕೆಯಲ್ಲಿ ಭಿಕ್ಷುಗಳಿಗೆ ಎರಡು ಮತ: ಪ್ರಾಂತ್ಯಕ್ಕೊಂದು, ಪಂಥಕ್ಕೊಂದು. ಈ ಎರಡನೆಯ ಮತ ನನಗೆ ಒಪ್ಪಿಗೆಯಾಗುವುದಿಲ್ಲ. ಸಣ್ಣ ಗುಂಪಿಗೆ ಸ್ಥಾನ ಕಾದಿಡುವುದು ನ್ಯಾಯ, ಒಬ್ಬರ ಮತಕ್ಕೆ ಇಮ್ಮಡಿ ತೂಕ ಕೊಡುವುದು ಅನ್ಯಾಯ. ಆದರೂ ಹಿಡಿ ನೆಲವನ್ನೂ ಆಳದ ಸರ್ಕಾರಕ್ಕೆ ಜನ ತೆರಿಗೆ ಕಟ್ಟಿ ಸಾಲಿನಲ್ಲಿ ನಿಲ್ಲುತ್ತಾರೆ. ಆಳುವವರಿಗೆ ಜನರ ಒಪ್ಪಿಗೆ ಬೇಕೆಂಬ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮಾತಿಗೆ ಇದಕ್ಕಿಂತ ಶುದ್ಧ ನಿದರ್ಶನ ನಾನು ಕಾಣೆ. ಬಲವಂತವಿಲ್ಲದ ಕಡೆ ಉಳಿಯುವುದು ಒಪ್ಪಿಗೆಯೊಂದೇ.

ಅವರಿಗೆ ತಮ್ಮದೇ ಸರ್ಕಾರ ಇದೆಯಲ್ಲ, ಮತ್ತೆ ನಮ್ಮ ಪೌರತ್ವ ಯಾಕೆ ಎಂದು ಕೇಳುವವರಿದ್ದಾರೆ. ಪೌರತ್ವ ತೆಗೆದುಕೊಂಡರೆ ಟಿಬೆಟ್‌ನ ಹೋರಾಟ ಸಡಿಲವಾಗುತ್ತದೆಂದು ಹಿಂಜರಿಯುವ ಟಿಬೆಟನ್ನರೂ ಇದ್ದಾರೆ. ಆ ಅಳುಕನ್ನು ಗೌರವಿಸೋಣ. ಆದರೆ ಬೇಡವೆನ್ನುವ ಅಧಿಕಾರ ಅವರದ್ದು, ಕಾಯ್ದೆಯದ್ದಲ್ಲ. ಧರ್ಮಶಾಲೆಯ ಮತದಿಂದ ಮುಂಡಗೋಡದ ರಸ್ತೆ, ಬಸ್ಸು, ಆಸ್ಪತ್ರೆ ತೀರ್ಮಾನವಾಗುವುದಿಲ್ಲ. ಇಲ್ಲಿನ ಕಾನೂನು ಅವರನ್ನು ದಿನವೂ ಆಳುತ್ತಿದೆ, ಅದನ್ನು ಮಾಡುವುದರಲ್ಲಿ ಅವರಲ್ಲಿ ಹೆಚ್ಚಿನವರಿಗೆ ಪಾಲಿಲ್ಲ. ಹುಟ್ಟಿನ ಹಕ್ಕನ್ನು ಕಿರಿದು ಮಾಡುವ ಆದೇಶವನ್ನು ಅಮೆರಿಕದ ಅಧ್ಯಕ್ಷರೂ 2025ರ ಜನವರಿಯಲ್ಲಿ ಹೊರಡಿಸಿದರು. ನಾವು ಆ ಕೆಲಸವನ್ನು ಮೊದಲೇ ಮಾಡಿಬಿಟ್ಟಿದ್ದೇವೆ.

ಭಾರತದಲ್ಲಿ ಹುಟ್ಟಿ ಬೆಳೆದವರು ಬಯಸಿದರೆ, ಹುಟ್ಟಿದ ತಾರೀಖು ನೋಡದೆ ಅವರನ್ನು ಪ್ರಜೆಗಳೆಂದು ಒಪ್ಪುವಂತೆ ಸಂಸತ್ತು ಕಾಯ್ದೆಯನ್ನು ತಿದ್ದಬೇಕು. ಮುಂಡಗೋಡದ ಹೆಚ್ಚಿನ ಟಿಬೆಟನ್ನರಿಗೆ ಮತವಿಲ್ಲದಿರುವಾಗ ಈ ಒತ್ತಾಯವನ್ನು ಅವರ ನೆರೆಯವರಾದ ನಾವೇ, ಮತವಿರುವ ನಾವೇ, ನಮ್ಮ ಸಂಸದರ ಮುಂದಿಡಬೇಕು.