ಶೂ ಕೊಂಡರೆ ಸಾಲ ತೀರುತ್ತಾ?

ಮುಧೋಳ ಅಂದಕೂಡಲೇ ಎಲ್ಲರಿಗೂ ಬೇಟೆ ನಾಯಿ ನೆನಪಾಗುತ್ತೆ. ನಾನು ಹೇಳ್ತಿರೋದು ಆ ಮುಧೋಳ ಅಲ್ಲ, ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನದು. ಇಲ್ಲಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಈ ಸೀಮೆಯ ಹಳ್ಳಕ್ಕೆ ಬಿದ್ದ ನೀರಿನ ಬಾಟಲಿಗೆ ದಾರಿ ಗೊತ್ತು: ಮಳೆ ಬಂದರೆ ಕಾಗಿಣಾ, ಅಲ್ಲಿಂದ ಭೀಮಾ, ಆಮೇಲೆ ಕೃಷ್ಣಾ, ಕೊನೆಗೆ ಬಂಗಾಳ ಕೊಲ್ಲಿ.

ಈಗ ಅಂಥ ಬಾಟಲಿಗಳಿಂದಲೇ ಶೂ ಮಾಡ್ತಾರೆ. ಅಡಿಡಾಸ್ ಕಂಪನಿ ‘ಪಾರ್ಲಿ ಫಾರ್ ದಿ ಓಷನ್ಸ್’ ಸಂಸ್ಥೆಯ ಜೊತೆ ಸೇರಿ 2015ರಲ್ಲಿ ಮೊದಲ ಮಾದರಿ ತೋರಿಸಿತು. ಆಮೇಲೆ ಮಾರಾಟಕ್ಕೆ ಬಂದಾಗ ಒಂದು ಜೋಡಿಗೆ ಸುಮಾರು 11 ಬಾಟಲಿ ಅಂತ ಲೆಕ್ಕ ಕೊಟ್ಟಿತು. ದಡದಲ್ಲಿ, ಕರಾವಳಿ ಊರುಗಳಲ್ಲಿ ಆಯ್ದ ಬಾಟಲಿಗಳನ್ನು ತೊಳೆದು, ಚೂರು ಮಾಡಿ, ಕರಗಿಸಿ ನೂಲು ತೆಗೆಯೋದು. ಒಳ್ಳೇ ಕೆಲಸವೇ. ನನ್ನ ಪ್ರಶ್ನೆ ಬೇರೆ: ಆ ಶೂ ಕೊಂಡವರಿಗೆ ಸಮುದ್ರದ ಸಾಲ ತೀರಿತಾ?

ಸಾಲ, ಚಪ್ಪಲಿ ಅಂದರೆ ನಮ್ಮ ಕಡೆ ಹರಳಯ್ಯನವರ ಕತೆ ನೆನಪಾಗದೆ ಇರಲ್ಲ. ಕಲ್ಯಾಣದಲ್ಲಿ ಅವರು ‘ಶರಣು’ ಅಂದರು, ಬಸವಣ್ಣನವರು ‘ಶರಣು ಶರಣಾರ್ಥಿ’ ಅಂದರು. ಒಂದಕ್ಕೆ ಎರಡು ಬಂತು, ಋಣ ಉಳೀತು ಅಂತ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲೇ ಚಪ್ಪಲಿ ಹೊಲಿದು ತಂದರಂತೆ. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆ ಮೇಲೆ ಇಟ್ಟುಕೊಂಡರು.

ನಮ್ಮ ತೊಡೆ ನಾವು ಕೊಯ್ಕೋಬೇಕಿಲ್ಲ ಬಿಡಿ. ಆದರೆ ಎರಡು ಮಾತು ಈ ಕತೆಯಲ್ಲಿ ಇವೆ. ಒಂದು, ಋಣ ತೀರಬೇಕಾದರೆ ನಮ್ಮಿಂದ ಏನಾದರೂ ಹೋಗಬೇಕು. ಹೊಸ ಶೂ ಕೊಂಡಾಗ ಹೋಗೋದು ದುಡ್ಡು ಮಾತ್ರ. ಬದಲಿಗೆ ಶೂ ಬರುತ್ತೆ, ಮೇಲೆ ಪುಣ್ಯವೂ ಬರುತ್ತೆ. ಇದು ವ್ಯಾಪಾರ, ತಪ್ಪಲ್ಲ, ಆದರೆ ಸಾಲ ತೀರಿಸಿದ್ದಲ್ಲ. ಇನ್ನೊಂದು, ಬಸವಣ್ಣನವರು ಚಪ್ಪಲಿಯ ಹಿಂದಿದ್ದ ಮೈ ನೋಡಿದರು. ನಮ್ಮ ಬಾಟಲಿ ಆಯುವವರ ಕೈ, ಬಗ್ಗಿದ ಬೆನ್ನು ಶೂ ಡಬ್ಬಿಯ ಮೇಲೆ ಕಾಣಲ್ಲ.

‘ಹಂಗಾದ್ರ ಕೊಳ್ಳೋದೇ ಬ್ಯಾಡೇನ್ರೀ?’ ಅಂತ ಕೇಳಬಹುದು. ಶೂ ಬೇಕೇ ಇದ್ದರೆ, ಹೊಸ ಪ್ಲಾಸ್ಟಿಕ್ಕಿಗಿಂತ ಹಳೇದರಿಂದ ಮಾಡಿದ್ದು ಮೇಲು, ಕೊಳ್ಳಿ. ಆದರೆ ನೂಲು, ಫೋಮು, ಅಂಟು ಎಲ್ಲ ಸೇರಿದ ಶೂವನ್ನು ಮತ್ತೆ ಬಿಡಿಸಿ ಕರಗಿಸೋದು ಬಾಟಲಿಯಷ್ಟು ಸುಲಭ ಅಲ್ಲ. ಮನೆಯಲ್ಲಿ ಮೂರು ಜೋಡಿ ಇದ್ದೂ ನಾಲ್ಕನೆಯದನ್ನು ಸಮುದ್ರದ ಹೆಸರಲ್ಲಿ ತಂದರೆ, ಅದೂ ಮುಂದೊಂದು ದಿನ ಕಸವೇ.

ಹಳೇ ಟೈರಿನ ಅಟ್ಟೆ ಹಾಕಿದ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದ ಹಿರಿಯರು ಭೂಮಿ ಉಳಿಸಿದೆವು ಅಂತ ಹೇಳಿಕೊಳ್ಳಲಿಲ್ಲ. ಬಾರು ಕಿತ್ತರೆ ಹೊಲಿಸಿದರು, ಸವೆಯೋವರೆಗೂ ಮೆಟ್ಟಿದರು. ನಮ್ಮಿಂದ ಹೋಗಬೇಕಾದದ್ದು ಬಹುಶಃ ಇಷ್ಟೇ: ಇರೋದು ಸವೆಯೋ ಮೊದಲೇ ಹೊಸದು ಬೇಕು ಅನ್ನೋ ಆಸೆ.