‘ಫಾಲಿ’ ಎಂದರೆ ಬರೀ ಮೂರ್ಖತನವೇ?

ಇಂಗ್ಲಿಷಿನ ‘ಫಾಲಿ’ ಎಂಬ ಪದ ಎದುರಾದರೆ ಕನ್ನಡದಲ್ಲಿ ನಾವು ಯೋಚಿಸದೆ ‘ಮೂರ್ಖತನ’ ಎಂದು ಬರೆದುಬಿಡುತ್ತೇವೆ. ಪದದ ಹುಟ್ಟನ್ನಷ್ಟೇ ನೋಡಿದರೆ ಅದು ತಪ್ಪೆನಿಸದು. ಹಳೆಯ ಫ್ರೆಂಚಿನ ‘ಫೋಲ್’ನಿಂದ ಇಂಗ್ಲಿಷಿಗೆ ಬಂದ ಈ ಪದದ ಮೂಲ ಲ್ಯಾಟಿನ್ನಿನ ‘ಫೊಲಿಸ್’, ಅಂದರೆ ತಿದಿ. ಗಾಳಿ ತುಂಬಿ ಉಬ್ಬಿದ ಆ ಚರ್ಮದ ಚೀಲದಲ್ಲಿ ಬೇರೆ ಸರಕಿಲ್ಲ; ಟೊಳ್ಳು ತಲೆಯವನಿಗೆ ಹೋಲಿಕೆಯಾಗಿ ಅದು ಸುಲಭವಾಗಿ ಒದಗಿತು. 18ನೇ ಶತಮಾನದ ಇಂಗ್ಲೆಂಡಿನ ಸಿರಿವಂತರು ತಮ್ಮ ತೋಟಗಳಲ್ಲಿ ಯಾರೂ ವಾಸಿಸದ ಗೋಪುರಗಳನ್ನೂ, ಹೊಸದಾಗಿ ಕಟ್ಟಿಸಿದ ‘ಪಾಳು’ ಕೋಟೆಗಳನ್ನೂ ಎಬ್ಬಿಸಿದಾಗ ಅವಕ್ಕೂ ಇದೇ ಹೆಸರು ಅಂಟಿತು. ಆದರೆ ಚಿಂತಕರ ಕೈಯಲ್ಲಿ ಪದ ಬೇರೆಯೇ ದಿಕ್ಕಿಗೆ ಬೆಳೆದಿದೆ. ದಡ್ಡನಿಗೆ ಹೇಳಿದರೂ ತಿಳಿಯುವುದಿಲ್ಲ, ಅಜ್ಞಾನಿಗೆ ಯಾರೂ ಹೇಳಿರುವುದಿಲ್ಲ. ಫಾಲಿ ಈ ಎರಡಕ್ಕೂ ಸೇರದ ಮೂರನೆಯ ಸ್ಥಿತಿ: ತಿಳಿದದ್ದು ಕೈಯಲ್ಲೇ ಇದ್ದಾಗ ಅದನ್ನು ಪಕ್ಕಕ್ಕೆ ಸರಿಸಿ ನಡೆಯುವುದು.

ಅಮೆರಿಕದ ಇತಿಹಾಸಕಾರ್ತಿ ಬಾರ್ಬರಾ ಟಕ್‌ಮನ್ 1984ರ ‘ದಿ ಮಾರ್ಚ್ ಆಫ್ ಫಾಲಿ’ ಗ್ರಂಥದಲ್ಲಿ ಇದಕ್ಕೆ ಕಟ್ಟುನಿಟ್ಟಾದ ಒರೆಗಲ್ಲನ್ನು ಇಟ್ಟರು. ಕೈಗೊಂಡ ನೀತಿ ತನಗೇ ಕೇಡು ತರುವಂಥದೆಂದು ಆ ಕಾಲದಲ್ಲೇ ಕಾಣುತ್ತಿರಬೇಕು. ಬೇರೆ ದಾರಿ ನಿಜವಾಗಿ ತೆರೆದಿರಬೇಕು. ನೀತಿ ಒಬ್ಬ ಅರಸನದಾಗಿರದೆ ಗುಂಪಿನದಾಗಿರಬೇಕೆಂಬ ಮೂರನೆಯ ಷರತ್ತನ್ನೂ ಅವರು ಸೇರಿಸಿದರು. ಅದು ಇತಿಹಾಸಕಾರರ ಅನುಕೂಲಕ್ಕೆ ಬೇಕಾದದ್ದೇ ಹೊರತು ಪದದ ಅರ್ಥಕ್ಕೆ ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಮೊದಲ ಎರಡನ್ನು ಹಿಡಿದು 1986ರ ಜನವರಿ 28ರಂದು ಸಿಡಿದ ಚಾಲೆಂಜರ್ ಬಾಹ್ಯಾಕಾಶ ನೌಕೆಯನ್ನು ನೋಡಿ. ರಾಕೆಟ್ಟಿನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಚಳಿಗೆ ಬಿರುಸಾಗುತ್ತವೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ಉಡಾಯಿಸಬೇಡಿ ಎಂದು ಅವನ್ನು ಬಲ್ಲ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಫೋನಿನಲ್ಲಿ ವಾದಿಸಿದ್ದರು. ಕೆಲವು ದಿನ ಕಾಯುವ ದಾರಿಯೂ ಇತ್ತು. ಆದರೂ ಸುಮಾರು 2 ಡಿಗ್ರಿಯಲ್ಲಿ ನೌಕೆ ಹಾರಿತು. ಏಳು ಮಂದಿ ಸತ್ತರು. ಅಂದು ನಿರ್ಧರಿಸಿದವರಲ್ಲಿ ಯಾರನ್ನೂ ದಡ್ಡರೆನ್ನಲಾಗದು. ವೇಳಾಪಟ್ಟಿಯ ಒತ್ತಡ ಜ್ಞಾನದ ಬಾಯಿ ಮುಚ್ಚಿಸಿತ್ತು.

ಬುದ್ಧಿವಂತಿಕೆ ಮತ್ತು ಫಾಲಿ ಒಂದೇ ತಲೆಯಲ್ಲಿ ಇರಬಲ್ಲವು ಎಂಬುದು ಕನ್ನಡಿಗರಿಗೆ ಹೊಸದೇನಲ್ಲ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ 1964ರಿಂದಲೂ ನಮ್ಮ ಮುಂದಿದೆ. ಮುಹಮ್ಮದ್ ಬಿನ್ ತುಘಲಕ್ ವಿದ್ವಾಂಸ. ಬೆಳ್ಳಿಯ ಬದಲು ಅಗ್ಗದ ಲೋಹದ ನಾಣ್ಯ ಎಂಬ ಅವನ ಯೋಚನೆಯೂ ಹುಚ್ಚಿನದಲ್ಲ; ಚೀನಾದಲ್ಲಿ ಆಗಲೇ ಕಾಗದದ ಹಣ ಚಲಾವಣೆಯಲ್ಲಿತ್ತು. ಯಾರು ಬೇಕಾದರೂ ಖೋಟಾ ನಾಣ್ಯ ಅಚ್ಚು ಹಾಕಬಹುದಾದ ಸ್ಥಿತಿಯಲ್ಲಿ ಅದನ್ನು ಹೊರಡಿಸಿದ್ದೇ ಅವನ ಫಾಲಿ.

ಇದಕ್ಕೆ ಬರುವ ಮೊದಲ ಆಕ್ಷೇಪ: ಫಲ ಕೆಟ್ಟ ಮೇಲೆ ಎಲ್ಲರೂ ಜಾಣರೇ, ಸೋತವನ ನಿರ್ಧಾರಕ್ಕೆ ನಾವು ಕೊಡುವ ಹೆಸರೇ ಫಾಲಿಯಲ್ಲವೆ? ಜನ ಹಾಗೆ ಬಳಸುವುದುಂಟು. 1867ರಲ್ಲಿ ಅಮೆರಿಕದ ವಿದೇಶಾಂಗ ಸಚಿವ ವಿಲಿಯಂ ಸೀವರ್ಡ್ 72 ಲಕ್ಷ ಡಾಲರಿಗೆ ರಷ್ಯಾದಿಂದ ಅಲಾಸ್ಕಾ ಕೊಂಡಾಗ ಟೀಕಾಕಾರರು ಅದನ್ನು ‘ಸೀವರ್ಡನ ಫಾಲಿ’ ಎಂದರು. ಮುಂದೆ ಅಲ್ಲಿ ಚಿನ್ನ ಸಿಕ್ಕಿತು, 1968ರಲ್ಲಿ ಪ್ರುಡೋ ಬೇಯಲ್ಲಿ ಭಾರಿ ತೈಲನಿಕ್ಷೇಪವೂ ಸಿಕ್ಕಿತು. ಫಲವೇ ಅಳತೆಗೋಲಾದರೆ ಒಂದೇ ಕೆಲಸ ಮೊದಲು ಅವಿವೇಕವಾಗಿದ್ದು ಆಮೇಲೆ ವಿವೇಕವಾಯಿತು ಎನ್ನಬೇಕಾಗುತ್ತದೆ. ಅದು ಹೊಂದುವುದಿಲ್ಲ. ಸೀವರ್ಡ್‌ಗೆ ತೈಲದ ಕನಸೂ ಇರಲಿಲ್ಲ, ಅವನ ಲೆಕ್ಕಾಚಾರದ ತೂಕವನ್ನು 1867ರಲ್ಲಿ ಅವನಿಗೆ ತಿಳಿದಿದ್ದರಿಂದಲೇ ನೋಡಬೇಕು. ಹಾಗೆಯೇ ಚಾಲೆಂಜರ್ ಅಂದು ಅದೃಷ್ಟದಿಂದ ಸುರಕ್ಷಿತವಾಗಿ ಮರಳಿದ್ದರೂ ಆ ನಿರ್ಧಾರ ಫಾಲಿಯೇ ಆಗಿರುತ್ತಿತ್ತು.

ಎರಡನೆಯ ಆಕ್ಷೇಪ ಇನ್ನೂ ಆಳದ್ದು, ಸಾಕ್ರಟೀಸನದು: ಒಳ್ಳೆಯದು ಯಾವುದೆಂದು ನಿಜವಾಗಿ ಬಲ್ಲವನು ಕೆಟ್ಟದ್ದನ್ನು ಆರಿಸಲಾರ, ಆದ್ದರಿಂದ ಎಲ್ಲ ತಪ್ಪೂ ಅಜ್ಞಾನವೇ. ಅರಿಸ್ಟಾಟಲ್ ‘ನಿಕೊಮೇಕಿಯನ್ ಎಥಿಕ್ಸ್’ನ ಏಳನೆಯ ಭಾಗದಲ್ಲಿ ಇದನ್ನು ಬಿಡಿಸುತ್ತಾನೆ. ಕುಡಿದವನೂ ಎಂಪೆಡೊಕ್ಲೀಸನ ಪದ್ಯಗಳನ್ನು ಒಪ್ಪಿಸಬಲ್ಲ. ಮಾತು ಅವನಲ್ಲಿದೆ, ಆ ಹೊತ್ತಿಗೆ ಅದರ ಹಿಡಿತ ಅವನ ಮೇಲಿಲ್ಲ. ತಿಳಿವು ಇರುವುದು ಬೇರೆ, ಕೆಲಸಕ್ಕೆ ಬರುವುದು ಬೇರೆ. ಆಯುರ್ವೇದದ ಚರಕ ಸಂಹಿತೆ ಇದೇ ಬಿರುಕಿಗೆ ‘ಪ್ರಜ್ಞಾಪರಾಧ’ ಎಂಬ ಹೆಸರಿಟ್ಟಿತು. ಧೀ, ಧೃತಿ, ಸ್ಮೃತಿ, ಎಂದರೆ ವಿವೇಚನೆ, ತಡೆದು ನಿಲ್ಲುವ ಶಕ್ತಿ, ನೆನಪು, ಇವುಗಳಲ್ಲಿ ಯಾವುದು ಜಾರಿದರೂ ಮನುಷ್ಯ ತನಗೆ ಕೆಡುಕಾಗುವ ಕೆಲಸಕ್ಕೆ ಕೈಹಾಕುತ್ತಾನೆ ಎಂಬುದು ಅದರ ವಿವರಣೆ. ಇಲ್ಲಿನ ‘ಅಪರಾಧ’ ಎಂಬ ಮಾತು ನನಗೆ ಬಹಳ ಮುಖ್ಯ. ದಡ್ಡತನಕ್ಕೆ ಯಾರನ್ನೂ ಹೊಣೆ ಮಾಡಲಾಗದು, ಬಲ್ಲದ್ದನ್ನು ಬದಿಗೊತ್ತಿದ್ದಕ್ಕೆ ಮಾಡಬಹುದು, ಮಾಡಲೇಬೇಕು. ಅನುವಾದಕರಲ್ಲಿ ನನ್ನ ಬಿನ್ನಹ ಇಷ್ಟೆ: ‘ಫಾಲಿ’ ಎದುರಾದಾಗ ‘ಮೂರ್ಖತನ’ವನ್ನು ದಯವಿಟ್ಟು ಕೈಬಿಡಿ, ‘ಅವಿವೇಕ’ ಎಂದು ಬರೆಯಿರಿ. ಬೇರ್ಪಡಿಸಿ ನೋಡುವ ಶಕ್ತಿಯೇ ವಿವೇಕ. ಅದನ್ನು ಬಳಸದವನ ಹೊಣೆ ಆ ಒಂದು ಪದದಲ್ಲಿ ಉಳಿಯುತ್ತದೆ.