ಮರಳು ಹೊತ್ತು ನಡೆಯುವವಳೇ

ತಾಯೇ ಕಾವೇರಿ, ನಿನ್ನ ನೀರು ಕುಡಿದು ಬೆಳೆದವನು ನಾನು. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ನಿನ್ನ ಉದ್ಭವಕ್ಕೆ ಕಾದು ನಿಲ್ಲುವವರ ಭಕ್ತಿಗೆ ನನ್ನದೂ ಸೇರಲಿ. ಆದರೆ ಇವತ್ತು ನೀರಿನ ಮಾತು ಬೇಡ. ನೀರಿನ ಜೊತೆ ನೀನು ಹೊತ್ತು ತರುವ ಮಣ್ಣಿಗೆ, ಮರಳಿಗೆ, ಗುಂಡುಕಲ್ಲಿಗೆ ಕೈಮುಗಿಯಲು ಬಂದಿದ್ದೇನೆ. ಅವನ್ನು ಹಿಡಿದೇ ಅಲ್ಲವೇ ನೀನು ಈ ನೆಲವನ್ನು ಕಡೆದದ್ದು?

ಮೇಕೆದಾಟಿನ ಬಂಡೆಯಲ್ಲಿ ನಿನ್ನ ಕೆಲಸ ಕಂಡೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ಒರಳಿನಂಥ ದುಂಡು ಗುಣಿಗಳು ಕಾಣುತ್ತವೆ. ಒಂದರೊಳಗೆ ಕೈಯಿಟ್ಟೆ. ಗೋಡೆ ನುಣ್ಣಗಿತ್ತು. ತಳದಲ್ಲಿ ಪಾಚಿಗಟ್ಟಿದ ಒಂದಿಷ್ಟು ನೀರು, ಒಂದು ಹಿಡಿ ಮರಳು, ನಾಲ್ಕಾರು ಗುಂಡುಕಲ್ಲು. ನಿನ್ನ ಹತಾರವೆಲ್ಲ ಅಷ್ಟೇ! ಮಳೆಗಾಲದಲ್ಲಿ ನಿನ್ನ ಸುಳಿ ಆ ಕಲ್ಲುಗಳನ್ನು ಗರಗರ ತಿರುಗಿಸುತ್ತದೆ. ಕಲ್ಲು ಕಲ್ಲನ್ನು ತೇಯುತ್ತದೆ. ತೇಯುವ ಕಲ್ಲೂ ಸವೆದು ಮರಳಾಗುತ್ತದೆ. ಅದರ ಜಾಗಕ್ಕೆ ಇನ್ನೊಂದು ಬಂದು ಬೀಳುತ್ತದೆ. ಗುಣಿಗಳು ಅಗಲವಾಗಿ ಒಂದಕ್ಕೊಂದು ಕೂಡುತ್ತವೆ, ನಡುವಿನ ಗೋಡೆ ಒಡೆಯುತ್ತದೆ, ನಿನ್ನ ಪಾತ್ರ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. 200 ಕೋಟಿ ವರ್ಷಕ್ಕೂ ಹಳೆಯ ಬಂಡೆ ಅದು. ನನ್ನ ಆಯುಸ್ಸಿನಷ್ಟು ಕಾಲದಲ್ಲಿ ಅದು ಕಣ್ಣಿಗೆ ಕಾಣುವಷ್ಟೂ ಸವೆದಿರಲಾರದು. ಅಷ್ಟು ಚಿಕ್ಕದು ತಾಯೇ ನನ್ನ ಬದುಕು. ಆದರೂ ನನ್ನ ಬೊಗಸೆಯನ್ನು ನೀನು ಖಾಲಿ ಬಿಟ್ಟಿಲ್ಲ.

ಕೊರೆಯುವವಳೂ ನೀನೇ, ಕೂಡಿಸುವವಳೂ ನೀನೇ. ತಲಕಾಡಿನಲ್ಲಿ ನೀನು ಮೈ ತಿರುಗಿಸುತ್ತೀ. ತಿರುವಿನ ಹೊರಮಗ್ಗುಲಲ್ಲಿ ಓಟ ಬಿರುಸು, ಅಲ್ಲಿ ದಂಡೆ ಕುಸಿದು ಮಡುವಾಗುತ್ತದೆ. ಒಳಮಗ್ಗುಲಲ್ಲಿ ನಿನ್ನ ನಡೆ ನಿಧಾನ, ಅಲ್ಲಿ ಮರಳು ಕೂರುತ್ತದೆ. ಬೇಸಿಗೆಯ ಗಾಳಿ ಆ ಮರಳನ್ನು ಎತ್ತಿ ಊರ ಮೇಲೆ ಸುರಿಯಿತು. ಗುಡಿಗಳು ಹೂತುಹೋದವು. ತಲಕಾಡು ಮರಳಾಗಿ, ಎದುರು ದಂಡೆಯ ಮಾಲಂಗಿ ಮಡುವಾದದ್ದು ನೊಂದ ರಾಣಿಯೊಬ್ಬಳ ಶಾಪದಿಂದ ಎಂದರು ಹಿರಿಯರು. ಆ ಕಥೆಯ ನೋವಿಗೆ ನಾನು ತಲೆಬಾಗುತ್ತೇನೆ. ಆದರೆ ನಿನ್ನಲ್ಲಿ ಸಿಟ್ಟಿತ್ತೆಂದು ನಂಬಲಾರೆ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಅಲ್ಲಿ ಕೀರ್ತಿನಾರಾಯಣನನ್ನು ನಿಲ್ಲಿಸುವ ಎಷ್ಟೋ ಮೊದಲಿನಿಂದ ನಿನ್ನ ನಡೆ ಹೀಗೆಯೇ ಇತ್ತು.

ಭಯವಿಲ್ಲವೆಂದು ಹೇಳಲಾರೆ. 2018ರ ಮಳೆಯಲ್ಲಿ ಕೊಡಗಿನ ಗುಡ್ಡಗಳು ಜಾರಿದವು, ನಿನ್ನನ್ನು ಸೇರುವ ಹಾರಂಗಿ ಕೆಸರಾಗಿ ಹರಿಯಿತು. ಮನೆ ಕಳೆದುಕೊಂಡವರನ್ನು ಮರೆತು ನಿನ್ನನ್ನು ಹೊಗಳಲು ನನಗೆ ಬಾಯಿ ಬಾರದು. ಅವರನ್ನು ಕಾಯು. ಗುಡ್ಡದ ಬುಡ ಕಡಿಯುವ ಕೈಗಳನ್ನು ತಡೆ.

ನಿನಗೆ ಅಡ್ಡವಾಗಿ ನಿಂತ ಕನ್ನಂಬಾಡಿ ಕಟ್ಟೆಗೂ ವಂದನೆ. ಅದರಿಂದ ಮಂಡ್ಯದ ಗದ್ದೆ ಹಸಿರಾಯಿತು, ನಮ್ಮ ತಟ್ಟೆಗೆ ಅನ್ನ ಬಂತು. ಆದರೆ ಕಟ್ಟೆಯ ಹಿಂದೆ ನೀರು ನಿಂತಾಗ ನಿನ್ನ ಹೊರೆಯೂ ಅಲ್ಲೇ ಇಳಿಯುತ್ತದೆ. ಹೂಳು ತಳ ಸೇರುತ್ತದೆ. ತಪ್ಪಿಸಿಕೊಂಡು ಮುಂದೆ ಹೋದ ಮರಳನ್ನು ರಾತ್ರಿಯಲ್ಲಿ ಟ್ರ್ಯಾಕ್ಟರುಗಳು ಹೊತ್ತೊಯ್ಯುತ್ತವೆ. ಮರಳು ಹೋದರೆ ದಂಡೆ ಸಡಿಲವಾಗುತ್ತದೆ, ಪಕ್ಕದ ಬಾವಿಯ ನೀರೂ ಇಳಿಯುತ್ತದೆ. ನನ್ನ ಮನೆಯ ಗೋಡೆಯಲ್ಲೂ ನದಿಯ ಮರಳಿದೆ. ಆ ಆಸರೆಗೆ ಋಣಿ. ಇನ್ನು ಸಾಕು ಎನ್ನುವ ಬುದ್ಧಿಯನ್ನೂ ಕೊಡು.

ದೂರದ ತಂಜಾವೂರನ್ನು ನೆನೆಯುತ್ತೇನೆ. ಅಲ್ಲಿನ ಮುಖಜಭೂಮಿ ನಿನ್ನದೇ ಸೃಷ್ಟಿ. ನಮ್ಮ ಬೆಟ್ಟಗಳಲ್ಲಿ ಸವೆದ ಮಣ್ಣು ಅಲ್ಲಿ ಮೆಕ್ಕಲಾಗಿ ಭತ್ತ ಬೆಳೆಯಿತು. ಹೊಸ ಮಣ್ಣು ಬಾರದಿದ್ದರೆ ಕಡಲು ಆ ನೆಲವನ್ನು ಕೊರೆಯುತ್ತದೆ. ನೀರಿಗಾಗಿ ನಾವೂ ಅಲ್ಲಿನವರೂ ಎಷ್ಟೊಂದು ಜಗಳವಾಡಿದೆವು! ಮಣ್ಣಿನ ಲೆಕ್ಕ ಯಾರೂ ಕೇಳಲಿಲ್ಲ. ಇವತ್ತು ನಾನು ಕೇಳುತ್ತಿದ್ದೇನೆ ತಾಯೇ, ಅವರ ಪರವಾಗಿ. ಕಟ್ಟೆ ಕಾಯುವವರಿಗೆ ಹೂಳಿಗೂ ದಾರಿ ಬಿಡುವ ಮನಸ್ಸು ಬರಲಿ. ಕೊಡಗಿನ ಮಣ್ಣು ತಂಜಾವೂರಿನ ಗದ್ದೆಯನ್ನು ಮುಟ್ಟಲಿ.